ಒಂದೇ ಪಬ್, ಎರಡು ಆಟ, ಒಬ್ಬನೇ ಡಿಜೆ

ಇಂದಿರಾನಗರದ 100 ಅಡಿ ರಸ್ತೆಯಿಂದ ಎರಡು ತಿರುವು ಒಳಗೆ ಹೋದರೆ ಸಿಗುವ ಸ್ಪೋರ್ಟ್ಸ್ ಪಬ್ ಇದು. ಮೂರನೇ ಮಹಡಿ, ಮೇಲೆ ಶೀಟು, ಎದುರಿಗೆ ಒಂದು ದೊಡ್ಡ ಪರದೆ, ಸುತ್ತ ಆರು ಟಿವಿ. ಹೆಸರು ಬರೆಯುವುದಿಲ್ಲ. ಬೈಯುವುದೂ ಇದೆ, ಹೊಗಳುವುದೂ ಇದೆ, ನನ್ನದೊಂದು ಸಣ್ಣ ಸ್ವಾರ್ಥವೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಎರಡು ಸಲ ಹೋದೆ. ಮೊದಲ ಸಲ 2024ರ ಡಿಸೆಂಬರ್ 1, ಭಾನುವಾರ ರಾತ್ರಿ, ಇಂಗ್ಲೆಂಡಿನ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ಸಿಟಿ ಫುಟ್‌ಬಾಲ್ ಮ್ಯಾಚ್‌ಗೆ. ಎರಡನೇ ಸಲ 2025ರ ಫೆಬ್ರವರಿ 10, ಸೋಮವಾರ ಬೆಳಗಿನ ಜಾವ, ಅಮೆರಿಕದ ಸೂಪರ್ ಬೌಲ್‌ಗೆ, ಅಂದರೆ ಬಾಲ್ ಕೈಯಲ್ಲಿ ಹಿಡಿದು ಓಡುವ ಅವರ ಫುಟ್‌ಬಾಲ್‌ನ ಫೈನಲ್‌ಗೆ. ಅದೇ ಹಾಲು, ಅದೇ ಅಲುಗಾಡುವ ಕುರ್ಚಿ, ಅದೇ ಡಿಜೆ. ಮೊದಲ ದಿನ ಆ ಹುಡುಗನ ವೈರ್ ಕಿತ್ತು ಹಾಕೋಣ ಅನ್ನಿಸಿತ್ತು. ಎರಡನೇ ದಿನ ಅವನಿಲ್ಲದಿದ್ದರೆ ಮೇಜಿನ ಮೇಲೆ ತಲೆ ಇಟ್ಟು ಮಲಗಿಬಿಡುತ್ತಿದ್ದೆ.

ನನ್ನ ಬಗ್ಗೆ ಸ್ವಲ್ಪ. ಸುಲ್ತಾನ್‌ಪೇಟೆಯಲ್ಲಿ ಪ್ರಿಂಟಿಂಗ್ ಅಂಗಡಿ ಇದೆ. ಮೊದಲು ಫ್ಲೆಕ್ಸ್ ಜಾಸ್ತಿ. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿ ಊರಿನ ಫ್ಲೆಕ್ಸೆಲ್ಲ ಇಳಿದ ಮೇಲೆ ಬಟ್ಟೆ ಪ್ರಿಂಟಿಂಗ್‌ಗೆ ಬಂದೆ. ಟೀ ಶರ್ಟ್, ಬಾವುಟ, ಗಲ್ಲಿ ಟೂರ್ನಮೆಂಟ್ ಜೆರ್ಸಿ. ಅಪ್ಪ ದೂರವಾಣಿನಗರದಲ್ಲಿ ಟೆಲಿಫೋನ್ ಮಾಡುವ ಐಟಿಐ ಕಾರ್ಖಾನೆಯಲ್ಲಿದ್ದರು. ಐಟಿಐ ತಂಡ ಆಡುವ ದಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಕರೆದುಕೊಂಡು ಹೋಗುತ್ತಿದ್ದರು. ಕಲ್ಲಿನ ಮೆಟ್ಟಿಲು, ಪೊಟ್ಟಣದಲ್ಲಿ ಕಡಲೆಕಾಯಿ. ಹಿಂದಿನ ಸಾಲಿನ ಹಿರಿಯರು ತಮಿಳು, ಕನ್ನಡ, ಉರ್ದು ಮೂರರಲ್ಲೂ ರೆಫರಿಯನ್ನು ವಿಚಾರಿಸಿಕೊಳ್ಳುತ್ತಿದ್ದರು. ಆ ಬೈಗುಳಕ್ಕೆ ಯಾವ ಮೈಕೂ ಬೇಕಿರಲಿಲ್ಲ. ನಾನು ಫ್ಯಾನ್ ಆಗಿದ್ದು ಅಲ್ಲಿ. ಲಿವರ್‌ಪೂಲ್ ಆಮೇಲೆ ಕೇಬಲ್ ಟಿವಿ ಕೊಟ್ಟ ಚಟ.

ಡಿಸೆಂಬರ್ 1ರ ರಾತ್ರಿ ಊರೆಲ್ಲ ಒದ್ದೆ. ಹಿಂದಿನ ದಿನ ಪುದುಚೇರಿ ಹತ್ತಿರ ಫೆಂಗಲ್ ಚಂಡಮಾರುತ ದಡ ಮುಟ್ಟಿತ್ತು. ಇಲ್ಲಿ ಬಿಡದ ಜಿಟಿಜಿಟಿ ಮಳೆ, ಚಳಿ. ಲಿವರ್‌ಪೂಲ್‌ನ ಉಣ್ಣೆ ಸ್ಕಾರ್ಫ್ ಒಂದು ವರ್ಷಗಟ್ಟಲೆ ಬೀರುವಿನಲ್ಲಿ ನುಸಿಗುಳಿಗೆ ಜೊತೆ ಸಂಸಾರ ಮಾಡುತ್ತಿತ್ತು. ಮೊದಲ ಸಲ ಅದು ಸ್ಕಾರ್ಫ್ ಕೆಲಸ ಮಾಡಿತು. ವಿಜಯನಗರದಿಂದ ಮೆಟ್ರೋದಲ್ಲಿ ಹೋದೆ. ಮ್ಯಾಚ್ ಶುರು ಒಂಬತ್ತೂವರೆಗೆ.

ಬಾಗಿಲಲ್ಲೇ ಒಂದು ಒಳ್ಳೆಯ ಕೆಲಸ ಮಾಡಿದ್ದರು. ‘ಸರ್, ಯಾವ ಟೀಮ್?’ ಅಂತ ಕೇಳಿ, ಲಿವರ್‌ಪೂಲ್‌ನವರನ್ನು ಪರದೆಯ ಎಡಕ್ಕೆ, ಸಿಟಿಯವರನ್ನು ಬಲ ಮೂಲೆಗೆ ಕೂರಿಸಿದರು. ಯುರೋಪಿನ ಸ್ಟೇಡಿಯಂಗಳಲ್ಲಿ ನಡೆಯುವುದೇ ಹೀಗೆ. ಎದುರಾಳಿ ಊರಿನವರಿಗೆ ಬೇರೆ ಬಾಗಿಲು, ಬೇರೆ ಸ್ಟ್ಯಾಂಡು, ನಡುವೆ ಕಾವಲು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಆ ಜನರ ಟಿಕೆಟ್‌ಗೆ 2016ರಿಂದ 30 ಪೌಂಡ್ ಮಿತಿ ಇದೆ. ಸೋಲಲಿ ಗೆಲ್ಲಲಿ, ಊರಿಂದ ಊರಿಗೆ ಹಾಡುತ್ತ ಬರುವ ಈ ಜನ ಇಲ್ಲದಿದ್ದರೆ ಮ್ಯಾಚ್ ಸಪ್ಪೆ ಅಂತ ಅಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಬಲ ಮೂಲೆಯಲ್ಲಿದ್ದದ್ದು ಹನ್ನೊಂದು ಜನ. ಅವರಿಂದಲೇ ಅರ್ಧ ಮಜಾ.

ಇನ್ನು ದೂರು. ಮ್ಯಾಚ್‌ಗೆ ಮುಂಚೆ ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ನಲ್ಲಿ ಇಡೀ ಸ್ಟೇಡಿಯಂ ಸ್ಕಾರ್ಫ್ ಎತ್ತಿ ಒಂದು ಹಾಡು ಹಾಡುತ್ತದೆ. ಅದನ್ನು ಕೇಳುವುದಕ್ಕೇ ಅರ್ಧ ಜನ ಬೇಗ ಬಂದಿರುತ್ತಾರೆ. (ತಮಾಷೆ ಅಂದರೆ ಆ ಹಾಡಿನ ತವರು ಅಮೆರಿಕ. 1945ರ ಒಂದು ಬ್ರಾಡ್‌ವೇ ಸಂಗೀತ ನಾಟಕದ್ದು. 1963ರಲ್ಲಿ ಲಿವರ್‌ಪೂಲ್‌ನದೇ ಒಂದು ಬ್ಯಾಂಡ್ ಅದನ್ನು ಮತ್ತೆ ಹಾಡಿತು, ಸ್ಟ್ಯಾಂಡಿನವರು ಎತ್ತಿಕೊಂಡರು, ಆಮೇಲೆ ವಾಪಸ್ ಕೊಡಲಿಲ್ಲ.) ನಾವು ಎದ್ದು ನಿಂತು ಬಾಯಿ ತೆಗೆದಿದ್ದೇವೆ, ಅಷ್ಟರಲ್ಲಿ ಡಿಜೆ ಸ್ಟೇಡಿಯಂ ಸದ್ದು ಕಡಿಮೆ ಮಾಡಿ ತನ್ನ ಢಬ್ ಢಬ್ ಶುರು ಮಾಡಿದ. ಕೈಯಲ್ಲಿ ಮೈಕು ಬೇರೆ. ‘ಬೆಂಗಳೂರು, ಮೇಕ್ ಸಮ್ ನಾಯ್ಸ್!’ ಅಂದ.

ಅಯ್ಯಾ, ನಾಯ್ಸ್ ಮಾಡ್ತಾ ಇದ್ದವರನ್ನೇ ನೀನು ನಿಲ್ಲಿಸಿದ್ದು.

ಹನ್ನೆರಡನೇ ನಿಮಿಷಕ್ಕೆ ನಮ್ಮ ಲಿವರ್‌ಪೂಲ್‌ನ ಗಾಕ್ಪೊ ಗೋಲು ಹೊಡೆದ. ನಮಗೆ ಅದು ಹೇಗೆ ಗೊತ್ತಾಯಿತು ಅಂದರೆ, ಪಕ್ಕದ ಕಟ್ಟಡದ ಪಬ್ಬಿನಿಂದ ‘ಹೋ’ ಅಂತ ಕೂಗು ಬಂತು. ನಮ್ಮ ಪರದೆಯಲ್ಲಿ ಬಾಲ್ ಇನ್ನೂ ನಮ್ಮವನೇ ಆದ ಸಲಾಹ್ ಕಾಲಲ್ಲಿತ್ತು. ಇವರ ಸ್ಟ್ರೀಮಿಂಗ್ ಆರೇಳು ಸೆಕೆಂಡ್ ಹಿಂದೆ. ಫುಟ್‌ಬಾಲ್‌ನಲ್ಲಿ ಇದು ಕೊಲೆಗೆ ಸಮ. ಈ ಆಟದಲ್ಲಿ ತೊಂಬತ್ತು ನಿಮಿಷಕ್ಕೆ ಖುಷಿ ಸಿಗುವುದೇ ಒಂದೋ ಎರಡೋ ಸಲ. ಅದನ್ನೂ ಪಕ್ಕದ ಮನೆಯವರು ಮುಂಚೆ ತಿಂದು ಎಂಜಲು ಕಳಿಸಿದರೆ ಹೇಗೆ? ಗೋಲು ಕಂಡ ತಕ್ಷಣ ಡಿಜೆ ಮತ್ತೆ ಪಾಟು ಹಾಕಿದ. ನಮ್ಮ ಕೂಗು ನಮಗೇ ಕೇಳಲಿಲ್ಲ.

ಎರಡನೇ ಅರ್ಧದ ಹೊತ್ತಿಗೆ ನಾಲ್ಕೈದು ಜನ ಹೋಗಿ ಮ್ಯಾನೇಜರ್ ಹತ್ತಿರ ಜಗಳ ಮಾಡಿದೆವು. ಡಿಜೆ ಸುಮ್ಮನಾದ. ಆಮೇಲೆ ಹಾಲ್ ಬದಲಾಗಿಬಿಟ್ಟಿತು. 78ನೇ ನಿಮಿಷಕ್ಕೆ ಸಲಾಹ್ ಪೆನಾಲ್ಟಿ, 2-0. ಸಿಟಿಗೆ ಲೀಗ್‌ನಲ್ಲಿ ಸತತ ನಾಲ್ಕನೇ ಸೋಲು. ಆನ್‌ಫೀಲ್ಡ್‌ನ ಜನ ಸಿಟಿ ಕೋಚ್ ಗಾರ್ಡಿಯೋಲಾರನ್ನು ನೋಡಿಕೊಂಡು ರಾಗವಾಗಿ ಹಾಡಿದರು: ಬೆಳಗಾದರೆ ನಿನ್ನ ಕೆಲಸ ಹೋಗುತ್ತೆ, ಬೆಳಗಾದರೆ ಕೆಲಸ ಹೋಗುತ್ತೆ. ಆ ಮನುಷ್ಯ ತಿರುಗಿ ಆರು ಬೆರಳು ತೋರಿಸಿದರು. ಆರು ಲೀಗ್ ಗೆದ್ದಿದ್ದೀನಿ, ಲೆಕ್ಕ ಗೊತ್ತಾ ಅಂತ. ನಮ್ಮ ಬಲ ಮೂಲೆಯ ಹನ್ನೊಂದು ಜನವೂ ಎದ್ದು ಆರು ಬೆರಳು ಎತ್ತಿದರು. ನಾವು ಎಡಗಡೆಯವರು ಕನ್ನಡದಲ್ಲೇ ಶುರು ಮಾಡಿದೆವು: ‘ನಾಳೆ ಬೆಳಿಗ್ಗೆ ಮನೆಗೆ ಹೋಗು, ನಾಳೆ ಬೆಳಿಗ್ಗೆ ಮನೆಗೆ ಹೋಗು.’ ರಾಗ ಹೊಂದಲಿಲ್ಲ. ಯಾರಿಗೆ ಬೇಕು ರಾಗ?

ಅದನ್ನು ಯಾವ ಪರದೆಯೂ ಹೇಳಿಕೊಟ್ಟಿರಲಿಲ್ಲ. ನಾನು ಆ ರಾತ್ರಿ 2,340 ರೂಪಾಯಿ ಕೊಟ್ಟದ್ದು ಆ ಹತ್ತು ನಿಮಿಷಕ್ಕೆ. ಊಟಕ್ಕಂತೂ ಅಲ್ಲ. ಚಿಲ್ಲಿ ಚಿಕನ್ ಹಿಟ್ಟಿನ ಉಂಡೆ, ಪೀನಟ್ ಮಸಾಲದಲ್ಲಿ ಈರುಳ್ಳಿಯೇ ಜಾಸ್ತಿ. ಸರ್ವಿಸ್ ಚಾರ್ಜ್ ಸೇರಿಸಿದ್ದರು, ಕೇಳಿದ ಮೇಲೆ ತೆಗೆದರು. ಫುಟ್‌ಬಾಲ್ ರಾತ್ರಿಗೆ ನನ್ನ ಅಂಕ ಐದಕ್ಕೆ ಎರಡು.

ಮತ್ತೆ ಹೋದದ್ದು ಅಕ್ಕನ ಮಗಳಿಂದ. ಮೂರು ವರ್ಷ ಕೆಲಸದ ಮೇಲೆ ಫಿಲಡೆಲ್ಫಿಯಾದಲ್ಲಿದ್ದು ಈಗ ವಾಪಸ್ ಬಂದಿದ್ದಾಳೆ. ಬರುವಾಗ ಆ ಊರಿನ ತಂಡ ಈಗಲ್ಸ್‌ನ ಹಸಿರು ಜೆರ್ಸಿಯನ್ನೂ ಆ ಊರಿನ ಹುಚ್ಚನ್ನೂ ತಂದಿದ್ದಾಳೆ. ‘ಮಾಮ, ನಿಮ್ಮ ಮ್ಯಾಚ್‌ಗೆ ನಾನು ಎಷ್ಟು ಸಲ ಕೂತಿದ್ದೀನಿ, ಒಂದು ಸಲ ನಮ್ಮದು ನೋಡಿ’ ಅಂದಳು. ಸೋಮವಾರ ಮೆಟ್ರೋ ಈಗ ನಾಲ್ಕೂಕಾಲಿಗೇ ಶುರು, ಆ ನೆಪವೂ ಹೋಯಿತು. ನಿದ್ದೆಗಣ್ಣಿನಲ್ಲಿ ಐದು ಗಂಟೆಗೆ ಮೆಟ್ಟಿಲು ಹತ್ತಿದೆ. ಯಲಹಂಕದಲ್ಲಿ ಏರೋ ಇಂಡಿಯಾ ಶುರುವಾಗುವ ದಿನ ಅದು. ನಮ್ಮ ಜೊತೆ ಬರಬೇಕಿದ್ದ ಅವಳ ಸ್ನೇಹಿತೆ ಹೆಬ್ಬಾಳದ ಟ್ರಾಫಿಕ್‌ಗೆ ಹೆದರಿ ಬರಲೇ ಇಲ್ಲ.

ತಲೆಗೆ 999 ರೂಪಾಯಿ, ತಿಂಡಿ ಸೇರಿ. ಆ ಹೊತ್ತಿಗೆ ಬಿಯರ್ ಕೊಡುವ ಹಾಗಿಲ್ಲ, ಹಾಗಾಗಿ ಫಿಲ್ಟರ್ ಕಾಫಿ. ಸೂಪರ್ ಬೌಲ್ ದಿನ ಅಮೆರಿಕದವರು ಚಿಕನ್ ವಿಂಗ್ಸ್ ತಿನ್ನಲೇಬೇಕಂತೆ. ಇಲ್ಲಿನ ಅಡುಗೆಯವರು ಕುಂದಾಪುರದ ಕಡೆಯವರು. ಅವರು ವಿಂಗ್ಸನ್ನು ಘೀ ರೋಸ್ಟ್ ಮಾಡಿಬಿಟ್ಟಿದ್ದರು. ಪಕ್ಕದಲ್ಲಿ ಸೆಟ್ ದೋಸೆ. ಬೆಳಗ್ಗೆ ಐದೂವರೆಗೆ ದೋಸೆಯಲ್ಲಿ ಘೀ ರೋಸ್ಟ್ ಮಸಾಲೆ ಒರೆಸಿ ತಿಂದೆ, ಅದಕ್ಕೆ ನನಗೆ ಯಾವ ನಾಚಿಕೆಯೂ ಇಲ್ಲ. ಡಿಸೆಂಬರ್‌ನ ಚಿಲ್ಲಿ ಚಿಕನ್ ಮಾಡಿದ್ದು ಇದೇ ಕೈ ಅಂದರೆ ನಂಬುವುದು ಕಷ್ಟ.

ಈ ಸಲ ಬಾಗಿಲಲ್ಲಿ ಯಾರೂ ಟೀಮ್ ಕೇಳಲಿಲ್ಲ. ಪಕ್ಕದ ಮೇಜಿನಲ್ಲಿ ಗಂಡ ಎದುರಾಳಿ ತಂಡ ಕ್ಯಾನ್ಸಸ್ ಸಿಟಿಯ ಕೆಂಪು ಜೆರ್ಸಿ, ಹೆಂಡತಿ ಹಸಿರು ಈಗಲ್ಸ್ ಜೆರ್ಸಿ, ಮಧ್ಯೆ ಮಗುವಿಗೆ ಎರಡೂ ಬಣ್ಣದ ಬಾವುಟ. ಅಮೆರಿಕದ ಸ್ಟೇಡಿಯಂಗಳಲ್ಲೂ ಹೀಗೇ ಬೆರೆತು ಕೂರುತ್ತಾರಂತೆ. ಮ್ಯಾಚ್‌ಗೆ ಮುಂಚೆ ಕಾರ್ ಪಾರ್ಕಿಂಗ್‌ನಲ್ಲೇ ಒಲೆ ಹಚ್ಚಿ ಮಾಂಸ ಸುಟ್ಟು, ಎದುರಾಳಿಗೂ ಒಂದು ತಟ್ಟೆ ಕೊಡುವುದುಂಟು. ಅದಕ್ಕೆ ಟೇಲ್‌ಗೇಟಿಂಗ್ ಅನ್ನುತ್ತಾರೆ. ನನಗೆ ಇದು ನಮ್ಮ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗಿ ಮರದಡಿ ಅಡುಗೆ ಮಾಡುವುದರ ಹಾಗೆ ಕಂಡಿತು. ಅಲ್ಲಿ ಸ್ಟೇಡಿಯಂ ಒಳಗೆ ಬಿಯರನ್ನು ಸೀಟಿಗೇ ತಂದು ಕೊಡುತ್ತಾರೆ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಮೈದಾನ ಕಣ್ಣಿಗೆ ಬೀಳುವ ಕಡೆ ಕುಡಿಯುವಂತಿಲ್ಲ, 1985ರಿಂದ ಕಾನೂನೇ ಇದೆ.

ಹಾಗಂತ ಅಮೆರಿಕದವರು ಸಾಧುಗಳು ಅಂದುಕೊಳ್ಳಬೇಡಿ. ಫಿಲಡೆಲ್ಫಿಯಾದವರು 1968ರಲ್ಲಿ ಸಾಂಟಾ ಕ್ಲಾಸ್‌ಗೇ ಹಿಮದ ಉಂಡೆ ಹೊಡೆದವರು. 1990ರ ದಶಕದ ಕೊನೆಯಲ್ಲಿ ಆ ಊರಿನ ಸ್ಟೇಡಿಯಂ ಒಳಗೇ ಒಂದು ಕೋರ್ಟ್ ಇಟ್ಟು, ಗಲಾಟೆ ಮಾಡಿದವರಿಗೆ ಅಲ್ಲೇ ತೀರ್ಪು ಕೊಡುತ್ತಿದ್ದರು. 2018ರಲ್ಲಿ ಗೆದ್ದಾಗ ಜನ ಬೀದಿ ಕಂಬ ಹತ್ತದಿರಲಿ ಅಂತ ಕಂಬಗಳಿಗೆ ಜಾರುವ ಎಣ್ಣೆ ಸವರಿದ್ದರು. ಆದರೂ ಹತ್ತಿದರು. ಇದನ್ನೆಲ್ಲ ಅಕ್ಕನ ಮಗಳು ಹೆಮ್ಮೆಯಿಂದಲೇ ಹೇಳಿದಳು.

ಆಟ ನನಗೆ ಅರ್ಥವಾಗಲು ಒಂದು ಗಂಟೆ ಬೇಕಾಯಿತು. ಓಡುತ್ತಾರೆ, ಬೀಳುತ್ತಾರೆ, ನಿಲ್ಲುತ್ತಾರೆ. ಗಡಿಯಾರದಲ್ಲಿ 60 ನಿಮಿಷದ ಆಟಕ್ಕೆ ಮೂರೂವರೆ ಗಂಟೆ. ನಡುವೆ ಜಾಹೀರಾತು. ಆ ವರ್ಷ ಅಮೆರಿಕದ ಟಿವಿಯಲ್ಲಿ 30 ಸೆಕೆಂಡಿನ ಜಾಹೀರಾತಿಗೆ 80 ಲಕ್ಷ ಡಾಲರ್ ತನಕ ಕೊಟ್ಟಿದ್ದರು. ಅಲ್ಲಿ ಕೆಲವರು ಜಾಹೀರಾತು ನೋಡುವುದಕ್ಕೇ ಕೂರುತ್ತಾರಂತೆ. ನಮಗೆ ಆ ಜಾಹೀರಾತೂ ಇಲ್ಲ. ಪರದೆಯ ಮೇಲೆ ಒಂದು ಲೋಗೋ ಸುಮ್ನೆ ಸುತ್ತುತ್ತಿತ್ತು.

ಇಲ್ಲಿ ನಮ್ಮ ಡಿಜೆ ಎದ್ದು ಬಂದ. ಲೋಗೋ ಬಂದ ತಕ್ಷಣ ಪಾಟು. ಮಗುವನ್ನು ಎತ್ತಿ ಕುಣಿಸಿದ. ಮೇಜಿನಿಂದ ಮೇಜಿಗೆ ಹೋಗಿ ಮುಂದಿನ ಸ್ಕೋರ್ ಯಾರದು ಅಂತ ಕಾಫಿ ಪಂದ್ಯ ಕಟ್ಟಿದ. ಬಾಲ್ ಹಾಕುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿದ. ಡಿಸೆಂಬರ್‌ನಲ್ಲಿ ನಮ್ಮ ಜೀವ ತೆಗೆದ ಅದೇ ಹುಡುಗ, ಅದೇ ಮೈಕು. ಈ ಆಟದಲ್ಲಿ ಬಿಡುವು ಇದೆ, ಬಿಡುವಿನಲ್ಲಿ ಯಾರಾದರೂ ಜನರನ್ನು ಹಿಡಿದಿಡಬೇಕು. ಅಮೆರಿಕದ ಸ್ಟೇಡಿಯಂನಲ್ಲಿ ಆ ಕೆಲಸವನ್ನು ದೊಡ್ಡ ಪರದೆ, ಚಿಯರ್‌ಲೀಡರ್, ಬ್ಯಾಂಡು ಮಾಡುತ್ತವೆ. ಫುಟ್‌ಬಾಲ್‌ನಲ್ಲಿ ಬಿಡುವೇ ಇಲ್ಲ. ಅಲ್ಲಿ ಸದ್ದು ಜನರಿಂದಲೇ ಬರಬೇಕು. ಇದು ಯಾರ ಗುಣ ಮೇಲು ಅನ್ನುವ ಮಾತಲ್ಲ, ಗಡಿಯಾರದ ಮಾತು. ಈ ಪಬ್ಬಿನವರಿಗೆ ಅದೊಂದು ತಿಳಿದಿದ್ದರೆ ಡಿಸೆಂಬರ್‌ನಲ್ಲಿ ಜಗಳ ಆಗುತ್ತಿರಲಿಲ್ಲ.

ಅಮೆರಿಕದ ಜನ ಪರದೆ ಹೇಳಿದಾಗ ಮಾತ್ರ ಕೂಗುತ್ತಾರೆ ಅಂತ ನಾನು ಸ್ವಲ್ಪ ಕೊಂಕಾಗಿ ಅಂದೆ. ಅಕ್ಕನ ಮಗಳಿಗೆ ಸಿಟ್ಟು ಬಂತು. ‘ಮಾಮ, ನಮ್ಮವರ ಹತ್ರ ಬಾಲ್ ಇದ್ದಾಗ ಸುಮ್ನಿರ್ಬೇಕು. ಎದುರಾಳಿ ಹತ್ರ ಇದ್ದಾಗ ಕಿರುಚಬೇಕು. ಅವರ ಕ್ವಾರ್ಟರ್‌ಬ್ಯಾಕ್, ಅಂದ್ರೆ ಆಟ ನಡೆಸೋನು, ಹೇಳೋದು ಅವರವರಿಗೇ ಕೇಳಿಸಬಾರದು, ಅದಕ್ಕೆ.’ ಅಂದರೆ ಕೂಗು ಅಲ್ಲಿ ಹಾಡಲ್ಲ, ಆಯುಧ. ಕ್ಯಾನ್ಸಸ್ ಸಿಟಿಯ ಸ್ಟೇಡಿಯಂನಲ್ಲಿ 2014ರಲ್ಲಿ 142.2 ಡೆಸಿಬೆಲ್ ದಾಖಲಾಗಿ ಗಿನ್ನೆಸ್ ಪುಸ್ತಕ ಸೇರಿದೆ. ಲಿವರ್‌ಪೂಲ್‌ನವರು 0-3 ಸೋಲುತ್ತಿದ್ದರೂ ಹಾಡುತ್ತಾರೆ, ಅದರಿಂದ ಆಟಕ್ಕೆ ಆಗುವುದು ಏನೂ ಇಲ್ಲದಿರಬಹುದು. ಇವರದು ಬಹಳ ಲೆಕ್ಕಾಚಾರದ ಕೂಗು. ನಾನು ಬಾಯಿ ಮುಚ್ಚಿಕೊಂಡು ಇನ್ನೊಂದು ವಿಂಗ್ ತಿಂದೆ.

ಪ್ರಿಂಟರ್ ಕಣ್ಣಿಗೆ ಇನ್ನೊಂದು ಬಿತ್ತು. ಅವಳ ಈಗಲ್ಸ್ ಜೆರ್ಸಿಯ ಎದೆ ಮೇಲೆ ಬರೀ ನಂಬರ್. ಒಂದೇ ಒಂದು ಕಂಪನಿ ಜಾಹೀರಾತಿಲ್ಲ. ಹಾಲ್ ತುಂಬ ನೋಡಿದೆ, ಯಾರದರಲ್ಲೂ ಇಲ್ಲ. ಕ್ಷಣಕ್ಕೊಂದು ಜಾಹೀರಾತು ಹಾಕುವ ದೇಶ ಈ ಆಟದ ಜೆರ್ಸಿಯನ್ನು ಮಾತ್ರ ಮುಟ್ಟಿಲ್ಲ. ನನ್ನ ಲಿವರ್‌ಪೂಲ್ ಜೆರ್ಸಿ ನೋಡಿ: ಎದೆ ಅಗಲಕ್ಕೂ ಒಂದು ಬ್ಯಾಂಕಿನ ಹೆಸರು. 1979ರಲ್ಲಿ ಹಿಟಾಚಿಯಿಂದ ಶುರುವಾದದ್ದು. ಕೆಲವು ಕ್ಲಬ್‌ಗಳ ಎದೆ ಮೇಲೆ ಜೂಜಿನ ಕಂಪನಿ ಕೂತಿದ್ದು, 2023ರಲ್ಲಿ ಪ್ರೀಮಿಯರ್ ಲೀಗ್ ಕ್ಲಬ್‌ಗಳೇ ಅದನ್ನು ಬಿಡುತ್ತೇವೆ ಅಂತ ಒಪ್ಪಬೇಕಾಯಿತು. ‘ನಮ್ಮದು ಸಂಪ್ರದಾಯ, ಅಮೆರಿಕದ್ದು ವ್ಯಾಪಾರ’ ಅಂತ ಭಾಷಣ ಮಾಡುವಾಗ ಇನ್ನು ಮೇಲೆ ನಾನು ಎದೆ ಮುಚ್ಚಿಕೊಳ್ಳಬೇಕು.

ಆದರೆ ಒಂದು ವಿಷಯದಲ್ಲಿ ನಾನು ಸೋಲುವುದಿಲ್ಲ. ಅಲ್ಲಿ ತಂಡ ಊರು ಬಿಟ್ಟು ಹೋಗಬಹುದು. 1984ರ ಮಾರ್ಚ್‌ನ ಒಂದು ರಾತ್ರಿ ಬಾಲ್ಟಿಮೋರ್‌ನ ಕೋಲ್ಟ್ಸ್ ತಂಡ ಲಾರಿಗಳಿಗೆ ಸಾಮಾನು ತುಂಬಿಕೊಂಡು ಇಂಡಿಯಾನಾಪೊಲಿಸ್‌ಗೆ ಹೋಗಿಬಿಟ್ಟಿತು. ಬಾಡಿಗೆ ಕೊಡದೆ ರಾತ್ರೋರಾತ್ರಿ ಮನೆ ಖಾಲಿ ಮಾಡಿದ ಹಾಗೆ. ರೇಡರ್ಸ್ 2020ರಲ್ಲಿ ಓಕ್‌ಲ್ಯಾಂಡ್ ಬಿಟ್ಟು ಲಾಸ್ ವೇಗಸ್‌ಗೆ. ಕೊನೆಯ ಸ್ಥಾನ ಬಂದರೂ ಯಾವ ತಂಡವೂ ಕೆಳಗಿನ ಲೀಗ್‌ಗೆ ಬೀಳುವುದಿಲ್ಲ, ಬದಲಿಗೆ ಮುಂದಿನ ವರ್ಷ ಹೊಸ ಆಟಗಾರರನ್ನು ಮೊದಲು ಆರಿಸುವ ಅವಕಾಶ ಸಿಗುತ್ತದೆ. ಇಂಗ್ಲೆಂಡಿನಲ್ಲಿ 2016ರಲ್ಲಿ ಚಾಂಪಿಯನ್ ಆದ ಲೆಸ್ಟರ್ 2023ರಲ್ಲಿ ಕೆಳಗೆ ಬಿತ್ತು. ಬಿದ್ದರೂ ಅದು ಲೆಸ್ಟರ್‌ನಲ್ಲೇ ಬಿತ್ತು. ವಿಂಬಲ್ಡನ್ ತಂಡವನ್ನು ಮಿಲ್ಟನ್ ಕೀನ್ಸ್‌ಗೆ ಒಯ್ಯಲು ಹೊರಟಾಗ ಫ್ಯಾನ್‌ಗಳೇ 2002ರಲ್ಲಿ ಹೊಸ ಕ್ಲಬ್ ಕಟ್ಟಿದರು. 2021ರ ಏಪ್ರಿಲ್‌ನಲ್ಲಿ ಹನ್ನೆರಡು ದೊಡ್ಡ ಕ್ಲಬ್‌ಗಳು ತಾವು ಎಂದೂ ಕೆಳಗೆ ಬೀಳದ ಸೂಪರ್ ಲೀಗ್ ಮಾಡುತ್ತೇವೆ ಅಂತ ಭಾನುವಾರ ಹೇಳಿದವು. ನನ್ನ ಲಿವರ್‌ಪೂಲೂ ಅದರಲ್ಲಿತ್ತು, ಮಾಲೀಕರು ಅಮೆರಿಕದವರು. ಫ್ಯಾನ್‌ಗಳು ಬೀದಿಗೆ ಬಂದರು. ಮಂಗಳವಾರ ರಾತ್ರಿಯೊಳಗೆ ಇಂಗ್ಲೆಂಡಿನ ಆರೂ ಕ್ಲಬ್‌ಗಳು ಹಿಂದೆ ಸರಿದವು.

‘ಗ್ರೀನ್ ಬೇ?’ ಅಂದಳು ಅಕ್ಕನ ಮಗಳು. ಆ ಪುಟ್ಟ ಊರಿನ ಪ್ಯಾಕರ್ಸ್ ತಂಡಕ್ಕೆ ಒಬ್ಬ ಮಾಲೀಕ ಅಂತಿಲ್ಲ, ಲಕ್ಷಗಟ್ಟಲೆ ಜನ ಷೇರುದಾರರು. ಜರ್ಮನಿಯ ಕ್ಲಬ್‌ಗಳಲ್ಲಿ ಸದಸ್ಯರಿಗೇ ಹೆಚ್ಚು ಮತ ಇರುವ ಹಾಗೆ. ಪಾಯಿಂಟ್ ಅವಳದು.

ಅಷ್ಟರಲ್ಲಿ ಅವಳ ಈಗಲ್ಸ್ ಅರ್ಧದ ಹೊತ್ತಿಗೆ 24-0. ಮಧ್ಯಂತರದಲ್ಲಿ ಕೆಂಡ್ರಿಕ್ ಲಮಾರ್ ಹಾಡಿದಾಗ ಅಡುಗೆಯವರೂ ಹೊರಗೆ ಬಂದು ನಿಂತರು. ಕೊನೆಗೆ 40-22. ಮೂರನೇ ಸಲ ಸತತ ಗೆಲ್ಲಲು ಬಂದಿದ್ದ ಕ್ಯಾನ್ಸಸ್ ಸಿಟಿ ಸೋತಿತು. ಪಕ್ಕದ ಮೇಜಿನ ಗಂಡ ಹೆಂಡತಿಗೆ ಕೈ ಕುಲುಕಿ ಬಿಲ್ ಕೊಟ್ಟ. ಸ್ಟ್ರೀಮಿಂಗ್ ಎಷ್ಟು ಸೆಕೆಂಡ್ ಹಿಂದಿತ್ತೋ ಯಾರಿಗೂ ಗೊತ್ತಿಲ್ಲ. ಬೆಳಗಿನ ಜಾವ ಪಕ್ಕದ ಪಬ್ ಮುಚ್ಚಿತ್ತು. ಸೂಪರ್ ಬೌಲ್‌ಗೆ ನನ್ನ ಅಂಕ ನಾಲ್ಕು. ಅದರಲ್ಲಿ ಒಂದು ಘೀ ರೋಸ್ಟ್‌ಗೆ, ಒಂದು ಡಿಜೆಗೆ.

ಇಷ್ಟು ದಿನ ಬಿಟ್ಟು ಈಗ ಬರೆಯುವುದಕ್ಕೆ ಕಾರಣ ಇದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಲಿವರ್‌ಪೂಲ್ ಫ್ಯಾನ್‌ಗೆ ಅಂಥ ಸುದ್ದಿ ಬೇರೆ ಥರ ತಾಗುತ್ತದೆ. 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋ ಸ್ಟೇಡಿಯಂನ ನೂಕುನುಗ್ಗಲಿನಲ್ಲಿ ಹೋದ ಲಿವರ್‌ಪೂಲ್ ಫ್ಯಾನ್‌ಗಳು 97. ಆಮೇಲೆ ನಾನು ಎಲ್ಲಿ ಹೋದರೂ ಮೊದಲು ನೋಡುವುದು ಬಾಗಿಲು. ಈ ಪಬ್ಬಿನ ಬಗ್ಗೆ ನೆನಪು ಮಾಡಿಕೊಂಡೆ. ಕೆಳಗೆ ಒಬ್ಬಾಕೆ ನಿಂತು ಎಣಿಸಿ ಬಿಡುತ್ತಿದ್ದರು. ತುಂಬಿದ ಮೇಲೆ ಯಾರು ಎಷ್ಟು ಬೇಡಿಕೊಂಡರೂ ಬಿಡಲಿಲ್ಲ. ಹಿಂದಿನ ಮೆಟ್ಟಿಲ ಮೇಲೆ ಖಾಲಿ ಕ್ರೇಟು ಇಟ್ಟಿರಲಿಲ್ಲ. ಅವತ್ತು ಗಮನಿಸಿಯೂ ಬೆಲೆ ಕಟ್ಟಿರಲಿಲ್ಲ. ಆಕೆಗೆ ಐದಕ್ಕೆ ಐದು.

ನಮ್ಮ ಊರಿಗೆ ಎರಡೂ ಥರ ಗೊತ್ತು. 2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊದಲ ಮ್ಯಾಚ್‌ಗೆ ಚಿನ್ನಸ್ವಾಮಿಯಲ್ಲಿ ನಾನಿದ್ದೆ. ವಾಷಿಂಗ್ಟನ್‌ನ ಅಮೆರಿಕನ್ ಫುಟ್‌ಬಾಲ್ ತಂಡದ ಚಿಯರ್‌ಲೀಡರ್‌ಗಳನ್ನೇ ಕರೆಸಿದ್ದರು. ಮೆಕಲಮ್ ಒಬ್ಬನೇ 158, ನಮ್ಮವರು ಎಲ್ಲ ಸೇರಿ 82. ಅಲ್ಲಿಂದ ನಡೆದರೆ ಇಪ್ಪತ್ತು ನಿಮಿಷಕ್ಕೆ ಕಂಠೀರವ. ಅಲ್ಲಿ ನಮ್ಮ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿಯ ಫ್ಯಾನ್ ಗುಂಪು ವೆಸ್ಟ್ ಬ್ಲಾಕ್ ಬ್ಲೂಸ್‌ನವರು ಡ್ರಮ್ಮು ಹಿಡಿದು ನಿಂತೇ ಹಾಡುತ್ತಾರೆ. ಆ ಕ್ಲಬ್ 2013ರಲ್ಲಿ ಮೊದಲು ಆಡಿದ್ದು ಅಪ್ಪ ನನ್ನನ್ನು ಕರೆದುಕೊಂಡು ಹೋಗುತ್ತಿದ್ದ ಅದೇ ಅಶೋಕನಗರದ ಸ್ಟೇಡಿಯಂನಲ್ಲಿ. ಮೊದಲ ಸೀಸನ್‌ನಲ್ಲೇ ಲೀಗ್ ಗೆದ್ದರು. ಅಪ್ಪ ಇದ್ದಿದ್ದರೆ ರೆಫರಿಗೆ ಬೈಯಲು ಒಂದು ಕಾರಣ ಹುಡುಕುತ್ತಿದ್ದರು.

ಈಗ ಸ್ವಾರ್ಥದ ವಿಷಯ. ಸೂಪರ್ ಬೌಲ್ ಮುಗಿದು ಹೊರಡುವಾಗ ಎಂಟೂವರೆ ದಾಟಿತ್ತು. ಮ್ಯಾನೇಜರ್ ಹತ್ತಿರ ಹೋಗಿ ಹೇಳಿದೆ: ಫುಟ್‌ಬಾಲ್ ರಾತ್ರಿ ಡಿಜೆಗೆ ರಜೆ ಕೊಡಿ, ಕೇಬಲ್ ಲೈನ್ ಹಾಕಿಸಿ, ಪಾಟಿನ ಬದಲು ಜನರ ಕೈಗೆ ಬಟ್ಟೆ ಬಾವುಟ ಕೊಡಿ. ಅವರು ನಕ್ಕರು. ‘ಬಾವುಟ ಎಲ್ಲಿ ಮಾಡಿಸೋದು ಸರ್?’ ಅಂದರು. ಕಾರ್ಡ್ ಕೊಟ್ಟೆ. ಒಂದಕ್ಕೆ 55 ರೂಪಾಯಿ, ನೂರಕ್ಕೆ ಮೇಲಾದರೆ 48 ಅಂದೆ. ಎರಡು ಬಣ್ಣಕ್ಕೂ ಸ್ಯಾಂಪಲ್ ಕಳಿಸಿದ್ದೇನೆ. ಅಡ್ವಾನ್ಸ್ ಇನ್ನೂ ಬಂದಿಲ್ಲ.